ಆರು ತಿಂಗಳು ತುಂಬಬೇಕು

ಬಾಗಿಲಲ್ಲಿ ನಿಂತ ಹೆಂಗಸಿಗೆ ಹುಚ್ಚಿಲ್ಲ ಎಂದು, ಆಕೆ ಒಳಗೆ ಬಂದು ಕೂರುವ ಮೊದಲೇ ಡಾಕ್ಟರ್ ಅಂದಪ್ಪನಿಗೆ ಅನ್ನಿಸಿತು. ಅನ್ನಿಸಿದ ಕೂಡಲೇ ಅವನು ಕಣ್ಣನ್ನು ಕಾಗದಕ್ಕೆ ಇಳಿಸಿದ. ಒಂದು ವರ್ಷದ ಹಿಂದೆ ಆಗಿದ್ದರೆ ಇಂಥ ಅನ್ನಿಸಿಕೆ ಅವನಿಗೆ ನೆಮ್ಮದಿ ಕೊಡುತ್ತಿತ್ತು. ಬಾವಿಗೆ ಕಲ್ಲು ಹಾಕಿ ಕಿವಿಗೊಟ್ಟವನಿಗೆ ತಳದ ನೀರಿನ ಸದ್ದು ಕೇಳಿಸಿದ ಹಾಗೆ, ರೋಗಿ ಎದುರಿಗೆ ಬಂದ ಮೊದಲ ನಿಮಿಷದಲ್ಲೇ ಅವನೊಳಗೆ ಎಲ್ಲೋ ತಾಗಿ ಸದ್ದಾಗುತ್ತಿತ್ತು; ಮಿಕ್ಕ ಪ್ರಶ್ನೆಗಳನ್ನು ಅವನು ಕೇಳುತ್ತಿದ್ದದ್ದು ಜೊತೆಗೆ ಬಂದವರ ಸಮಾಧಾನಕ್ಕೆ. ಅವನಿಗೆ ಕಲಿಸಿದ ಗುರುಗಳೂ ಹಾಗೇ ಇದ್ದರು. ವಾರ್ಡಿನ ಬಾಗಿಲಲ್ಲಿ ನಿಂತು, ಕೋಟಿನ ಜೇಬಿನಿಂದ ಕೈ ಕೂಡ ತೆಗೆಯದೆ, ಆ ತುದಿಯ ಮಂಚದವನ ಕಾಯಿಲೆಯ ಹೆಸರು ಹೇಳಿಬಿಡುತ್ತಿದ್ದರು. ಹುಡುಗರು ಬರೆದುಕೊಳ್ಳುತ್ತಿದ್ದರು. ಸರಿಯೋ ತಪ್ಪೋ ಎಂದು ಯಾರು ನೋಡಬೇಕು, ಹೇಗೆ ನೋಡಬೇಕು? ಎಕ್ಸ್‌ರೇ ಹಿಡಿದು ತೋರಿಸಲು ಅದು ಮುರಿದ ಎಲುಬಲ್ಲ. ಗುರುಗಳು ಹೇಳಿದ್ದೇ ಕಾಯಿಲೆಯಾಗುತ್ತಿತ್ತು, ಆಮೇಲೆ ಅಂದಪ್ಪ ಹೇಳಿದ್ದೇ ಕಾಯಿಲೆಯಾಗುತ್ತಾ ಬಂತು. ಈಗ ಆ ಸದ್ದು ಕೇಳಿಸಿದರೆ ಭಯ.

ಅದು ಎಂಬತ್ನಾಲ್ಕರ ಬೇಸಿಗೆ. ಗುರುವಾರಕ್ಕೊಮ್ಮೆ ಅವನು ಬಾಗಲಕೋಟೆಯಿಂದ ಬಸ್ಸಿನಲ್ಲಿ ಹುನಗುಂದಕ್ಕೆ ಬಂದು, ದವಾಖಾನೆಯ ಹಿಂದಿನ ಕೋಣೆಯಲ್ಲಿ, ಮುರಿದ ಮಂಚಗಳನ್ನು ಗೋಡೆಗೆ ಸರಿಸಿ ಮಾಡಿದ ಜಾಗದಲ್ಲಿ ಕೂರುತ್ತಿದ್ದ. ಹೆಂಗಸಿನ ಹೆಸರು ಶಿವಲಿಂಗವ್ವ, ಇಳಕಲ್ಲಿನ ನೇಕಾರರ ಮನೆಯ ಸೊಸೆ. ಆಕೆಯ ಮುಂದೆ ಗಂಡನ ಅಣ್ಣ ಹೊಳಬಸಪ್ಪ ಬಂದ, ಹಿಂದೆ ಗಂಡ ಈರಪ್ಪ. ಹೊಳಬಸಪ್ಪ ಸೀರೆಯ ವ್ಯಾಪಾರಿ, ಸೊಲ್ಲಾಪುರ ಹುಬ್ಬಳ್ಳಿ ತಿರುಗಿದವನು. ಯಾರೂ ಹೇಳದೆಯೇ ಕುರ್ಚಿ ಎಳೆದುಕೊಂಡು ಕೂತ. ಈರಪ್ಪ ಗೋಡೆಗೆ ಆತು ನಿಂತ. ಶಿವಲಿಂಗವ್ವ ಬೆಂಚಿನ ತುದಿಯಲ್ಲಿ ಕೂತು, ಸೆರಗಿನ ಒಂದು ಎಳೆಯನ್ನು ಬೆರಳಿಗೆ ಸುತ್ತುತ್ತಾ ಬಿಚ್ಚುತ್ತಾ ಇದ್ದಳು. ಆಕೆಯ ಕಣ್ಣು ಬಾಗಿಲ ಮೇಲಿತ್ತು. ಹೊರಗೆ ಯಾವುದೋ ಮಗು ಚುಚ್ಚುಮದ್ದಿಗೆ ಹೆದರಿ ಚೀರುತ್ತಿತ್ತು.

“ಈಕಿಗೆ ದನಿ ಕೇಳತಾವ್ರಿ ಸಾಹೇಬ್ರ,” ಎಂದ ಹೊಳಬಸಪ್ಪ. “ಒಂದಲ್ರಿ, ಎರಡು. ಎರಡೂ ತಮ್ಮ ತಮ್ಮೊಳಗ ಈಕಿ ಬಗ್ಗೆ ಮಾತಾಡ್ತಾವ. ಈಕಿ ಏನ್ ಮಾಡಿದ್ರ ಅದನ್ನ ಹೇಳ್ತಾವ. ಮನ್ಯಾಗ ಕೆಲಸ ಬಿಟ್ಟಾಳ, ಮೈ ತೊಳಕೊಳ್ಳೂದು ಬಿಟ್ಟಾಳ. ಆರು ತಿಂಗಳ ಮ್ಯಾಲ ಆತ್ರಿ.”

ಅಂದಪ್ಪನ ಪೆನ್ನು ನಿಂತಿತು. ಇಷ್ಟು ವರ್ಷದಲ್ಲಿ ಯಾವ ಊರಿನ ಯಾವ ಮನುಷ್ಯನೂ ತನ್ನ ಮನೆಯವರ ಹುಚ್ಚನ್ನು ಈ ಕ್ರಮದಲ್ಲಿ ಹೇಳಿರಲಿಲ್ಲ. ಜನ ಹೇಳುತ್ತಿದ್ದದ್ದೇ ಬೇರೆ. ಅನ್ನಕ್ಕೆ ಮಣ್ಣು ಕಲಸಿದಳು, ಮಾವನಿಗೆ ಬೈದಳು, ಅಮಾಸಿಯ ದಿನ ಬಾವಿಯ ಕಡೆ ಹೋದಳು. ಎರಡು ದನಿ, ತಮ್ಮೊಳಗೆ ಮಾತು, ಕೆಲಸದಲ್ಲಿ ಇಳಿಕೆ, ಆರು ತಿಂಗಳು: ಇದು ಅವನ ಚೀಲದಲ್ಲಿದ್ದ, ಮನೋರೋಗಗಳ ಲಕ್ಷಣಗಳನ್ನು ಪಟ್ಟಿ ಮಾಡಿದ ಅಮೆರಿಕದ ಪುಸ್ತಕದ ಕ್ರಮ. ಯಾರೋ ವಕೀಲರು ಓದಿ ಇವನಿಗೆ ಹೇಳಿಕೊಟ್ಟಿರಬೇಕು.

ಆ ಪುಸ್ತಕ ಅವನ ಚೀಲಕ್ಕೆ ಬಂದದ್ದು ಹೋದ ವರ್ಷದ ಹುಬ್ಬಳ್ಳಿಯ ಸಭೆಯ ನಂತರ. ಸುತ್ತಿನ ಜಿಲ್ಲೆಗಳ ಮನೋವೈದ್ಯರೆಲ್ಲ ಸೇರಿದ್ದರು. ಒಬ್ಬ ಕಿರಿಯ ಡಾಕ್ಟರು ರೋಗಿಯೊಬ್ಬಳ ಮಾತನ್ನು ಟೇಪಿನಲ್ಲಿ ಕೇಳಿಸಿ, ಕಾಯಿಲೆ ಯಾವುದೆಂದು ಹಿರಿಯರು ಹೇಳಬೇಕೆಂದು ಕೇಳಿದ. ಅಂದಪ್ಪ ಅರ್ಧ ಟೇಪಿಗೇ ಕೈಯೆತ್ತಿ ಸ್ಕಿಝೋಫ್ರೇನಿಯಾ ಎಂದ. “ಎಷ್ಟು ದಿನದಿಂದ ಐತಿ ಅಂತ ಕೇಳಲಿಲ್ಲಲ್ರಿ ಸರ್?” ಎಂದ ಹುಡುಗ, ಮರ್ಯಾದೆಯಿಂದಲೇ. ಆಕೆಗೆ ವಿಷಮಜ್ವರ ಬಂದಿತ್ತಂತೆ. ಜ್ವರದ ತಲೆಯಲ್ಲಿ ಆಡಿದ ಮಾತಂತೆ ಅದು. ಈಗ ಮನೆಯಲ್ಲಿ ರೊಟ್ಟಿ ಬಡಿದುಕೊಂಡು ಚೆನ್ನಾಗಿದ್ದಾಳಂತೆ. ಸಭೆ ಗಟ್ಟಿಯಾಗಿ ನಕ್ಕಿದ್ದರೆ ತಡೆದುಕೊಳ್ಳಬಹುದಿತ್ತು. ಹಿಂದಿನ ಸಾಲಿನಲ್ಲಿ ಒಬ್ಬರು ಮೂಗಿನಲ್ಲಿ ನಕ್ಕರು, ಅಷ್ಟೇ. ಚಹಾದ ಹೊತ್ತಿಗೆ ಅದೇ ಹುಡುಗ ಬಿಸ್ಕೀಟಿನ ತಟ್ಟೆ ಹಿಡಿದು ಬಂದು, “ನಿಮ್ಮೊಬ್ಬರದ ಅಲ್ರಿ ಸರ್, ಎಲ್ಲಾ ಕಡೆ ಹಿಂಗ ನಡದೈತಿ. ಪುಸ್ತಕ ತಗದು ಒಂದೊಂದ ಲಕ್ಷಣ ಹೊಂದಿಸಿ ನೋಡವ್ರು ಯಾರದಾರ?” ಎಂದ. ಅಂದಪ್ಪ ಬಿಸ್ಕೀಟು ತೆಗೆದುಕೊಂಡ. ಅದನ್ನು ಯಾಕೆ ತೆಗೆದುಕೊಂಡೆ ಎಂಬುದು ವಾಪಸು ಬರುವ ಬಸ್ಸಿನುದ್ದಕ್ಕೂ ಅವನನ್ನು ಕೊರೆಯಿತು. ಪುಸ್ತಕದ ಜೆರಾಕ್ಸು ತರಿಸಿದ. ಓದುತ್ತಾ ಹೋದಂತೆ ತಾನು ಹಿಂದೆ ಹೆಸರಿಟ್ಟು ಕಳಿಸಿದವರ ಮುಖಗಳು ಒಂದೊಂದಾಗಿ ಎದ್ದು ಬಂದವು. ಇವನಿಗೆ ಇದು ಇರಲಿಲ್ಲ, ಇವಳಿಗೆ ಅಷ್ಟು ದಿನ ಆಗಿರಲಿಲ್ಲ. ಅವರನ್ನೆಲ್ಲ ಎಲ್ಲಿಂದ ಕರೆಸುವುದು, ಕರೆಸಿ ಏನೆಂದು ಹೇಳುವುದು?

ಅಂದಿನಿಂದ ಅವನು ಎಲ್ಲವನ್ನೂ ಕೇಳತೊಡಗಿದ. ಯಾವುದನ್ನೂ ಬಿಡದೆ, ಅದೇ ಸಾಲಿನಲ್ಲಿ. ಹೊರಗೆ ಕಾಯುವವರ ಗದ್ದಲ ಹೆಚ್ಚಾಯಿತು. ದವಾಖಾನೆಯ ಆಯಾ ರೋಷನಬಿ, “ಸಾಹೇಬ್ರು ಈಗೀಗ ಭಾಳ ಕೇಳ್ತಾರ, ಕುಂಡ್ರಿ,” ಎಂದು ಜನರನ್ನು ಸಮಾಧಾನ ಮಾಡುತ್ತಿದ್ದಳು. ಆದರೆ ಇವತ್ತು ಕೇಳುವ ಮೊದಲೇ ಉತ್ತರಗಳು ಸಾಲಾಗಿ ಬಂದು ಕೂತಿದ್ದವು. ಪುಸ್ತಕ ಹೌದೆನ್ನುತ್ತಿತ್ತು, ಒಳಗಿನ ಸದ್ದು ಅಲ್ಲವೆನ್ನುತ್ತಿತ್ತು. ಆ ಸದ್ದನ್ನು ನಂಬಿಯೇ ಅಲ್ಲವೇ ಹುಬ್ಬಳ್ಳಿಯಲ್ಲಿ ಕೈಯೆತ್ತಿದ್ದು.

“ಆರು ತಿಂಗಳ ಹಿಂದ ಹೆಂಗ ಚಾಲೂ ಆತು?” ಎಂದು ಅವನು ಈರಪ್ಪನನ್ನು ಕೇಳಿದ.

ಈರಪ್ಪ ಅಣ್ಣನನ್ನು ನೋಡಿದ. ಆಮೇಲೆ, ಕೇಳಿದವರಿಗೆ ಉತ್ತರ ಕೊಡುವ ಅಭ್ಯಾಸದಿಂದ ಎಂಬಂತೆ, “ಸಂಕ್ರಮಣದ ತನಕಾ ಚೊಲೋನ ಇದ್ಲ್ರಿ,” ಎಂದ. “ಮಗ್ಗದ ಮ್ಯಾಲ ಕುಂತ್ರ ಏಳತಿದ್ದಿಲ್ಲ. ಸಂಕ್ರಮಣ ಆದ ಮ್ಯಾಲ ಕೂಸು ಹೋತು, ಆವಾಗಿಂದ—”

“ಅವಂಗೇನ್ ಗೊತ್ರಿ,” ಎಂದು ಹೊಳಬಸಪ್ಪ ನಡುವೆ ಬಂದ. “ಅವ ಮಗ್ಗ ಬಿಟ್ಟು ಮ್ಯಾಲ ನೋಡಂಗಿಲ್ಲ. ನಮ್ಮವ್ವನ್ನ ಕೇಳ್ರಿ ಬೇಕಾದ್ರ. ಲಗ್ನದಾಗ ಇತ್ತು ಈ ಜಡ್ಡು, ಮುಚ್ಚಿಟ್ಟು ಕೊಟ್ಟಾರ ನಮಗ. ನೀವು ಒಂದ್ ಮಾತು ಬರಕೊಡ್ರಿ, ಮುಂದ ಡೈವೋರ್ಸ್ ಕೋರ್ಟಿನ್ಯಾಗ ನಾವು ನೋಡಕೋತೇವಿ.”

ಸಂಕ್ರಮಣದಿಂದ ಇಲ್ಲಿಗೆ ಆರು ತಿಂಗಳಾಗುವುದಿಲ್ಲ. ಆರು ತಿಂಗಳು ತುಂಬದೆ ಸ್ಕಿಝೋಫ್ರೇನಿಯಾ ಎನ್ನಬಾರದೆಂದು ಪುಸ್ತಕದಲ್ಲಿತ್ತು. ಅಂದಪ್ಪನಿಗೆ ಮೊದಲು ಆದದ್ದು ಸಂತೋಷ. ಎದುರಿಗೆ ಕೂಸು ಸತ್ತ ತಾಯಿ ಕೂತಿರುವಾಗ ಲೆಕ್ಕ ಕೂಡುವುದಿಲ್ಲವೆಂಬ ಸಂತೋಷ ತನಗೆ ಹೇಗಾಯಿತು ಎಂದು ನಾಚಿಕೆಯಾದದ್ದು ಆಮೇಲೆ. ಅಣ್ಣ ತಮ್ಮ ಇಬ್ಬರನ್ನೂ ಹೊರಗೆ ಹೋಗಲು ಹೇಳಿದ. ಹೊಳಬಸಪ್ಪ ಎದ್ದದ್ದು ನಿಧಾನವಾಗಿ, ಅಂಗಡಿಯಲ್ಲಿ ಇನ್ನೂ ವ್ಯವಹಾರ ಮುಗಿಯದವನ ಹಾಗೆ. ಅಂದಪ್ಪ ರೋಷನಬಿಯನ್ನು ಒಳಗೆ ಕರೆದು ಬಾಗಿಲ ಪಕ್ಕ ಕೂರಿಸಿದ.

ದನಿ ಕೇಳುತ್ತದೆಯೇ ಎಂದು ಕೇಳಬೇಕು. ಕಿವಿಯಲ್ಲೋ ಮನಸ್ಸಿನಲ್ಲೋ ಎಂದು ಕೇಳಬೇಕು. ಆ ಪ್ರಶ್ನೆ ಗಂಟಲಿಗೆ ಬಂದಾಗಲೆಲ್ಲ ಅವನಿಗೆ ತಾಯಿ ಸಾವಿತ್ರೆವ್ವ ನೆನಪಾಗುತ್ತಿದ್ದಳು. ಅಪ್ಪ ತೀರಿಕೊಂಡ ಮೇಲೆ ಆಕೆ ದಿನಾ ಸಂಜೆ ಒಲೆಯ ಮುಂದೆ ಕೂತು ಅಪ್ಪನ ಜೊತೆ ಮಾತಾಡುತ್ತಿದ್ದಳು, ಹೊಲದ ವಿಷಯ, ದನದ ವಿಷಯ. ಓಣಿಯ ಹೆಂಗಸರು ಬಂದರೂ ನಿಲ್ಲಿಸುತ್ತಿರಲಿಲ್ಲ, ಅವರೂ ಆ ಮಾತಿಗೆ ನಡುನಡುವೆ ಹೂಂಗುಟ್ಟುತ್ತಿದ್ದರು. ಹೊಸದಾಗಿ ಪುಸ್ತಕ ಓದುತ್ತಿದ್ದ ದಿನಗಳಲ್ಲಿ ಒಂದು ಸಂಜೆ ಅವನು ಅಡುಗೆಮನೆಯ ಬಾಗಿಲಲ್ಲಿ ನಿಂತು, “ಯವ್ವಾ, ಅಪ್ಪನ ದನಿ ನಿನಗ ಕಿವ್ಯಾಗ ಕೇಳತೈತೋ, ಮನಸಿನ್ಯಾಗೋ?” ಎಂದುಬಿಟ್ಟ. ಸಾವಿತ್ರೆವ್ವ ಕೈಯಲ್ಲಿದ್ದ ಹಿಟ್ಟನ್ನು ನಾದುವ ಪರಾತಕ್ಕೆ ಬಿಟ್ಟು ಅವನನ್ನು ನೋಡಿದಳು. ಸಿಟ್ಟಿನಿಂದಲ್ಲ. ಬೇರೆಯವರ ಮನೆಗೆ ತಪ್ಪಿ ಬಂದವಳ ಹಾಗೆ. ಮುಂದೆ ಆಕೆ ಬದುಕಿದ್ದ ಕೆಲವೇ ತಿಂಗಳಲ್ಲಿ ಅವನ ಎದುರಿಗೆ ಅಪ್ಪನ ಜೊತೆ ಮಾತಾಡಲಿಲ್ಲ. ಮನೆಯಲ್ಲಿ ಅಪ್ಪ ಎರಡನೇ ಸಲ ಸತ್ತ ಹಾಗಾಗಿತ್ತು.

“ತಂಗಿ,” ಎಂದ ಅಂದಪ್ಪ, “ಕೂಸಿಂದು ಏನಾತು?”

ಶಿವಲಿಂಗವ್ವ ಬೆರಳಿನ ಎಳೆ ಬಿಚ್ಚಿದಳು. “ವಾಂತಿ ಭೇದಿ ಆತ್ರಿ. ವರ್ಷ ತುಂಬಿದ್ದಿಲ್ಲ. ಇಲ್ಲಿಗೆ ಕರಕೊಂಡ ಬರೂಣ ಅಂದ್ನಿ. ನಾಳೆ ನೋಡೂಣು ಅಂದ್ರು ನಮ್ಮತ್ತಿ.” ದನಿಯಲ್ಲಿ ಏರಿಳಿತವೇ ಇರಲಿಲ್ಲ. ಭಾವನೆ ಬತ್ತಿದ ದನಿ. ಪುಸ್ತಕದಲ್ಲಿ ಅದಕ್ಕೂ ಒಂದು ಹೆಸರಿತ್ತು. “ಮಗ್ಗ ನಿಲ್ಲಿಸಿದ್ರ ಕೂಸು ಅಳೂದು ಕೇಳತೈತ್ರಿ. ಅದಕ್ಕ ನಿಲ್ಲಸ್ತಿದ್ದಿಲ್ಲ. ಹೊತ್ತು ಮುಳಗಿದ ಮ್ಯಾಲನೂ ಲಾಳಿ ಒಗಿತಿದ್ನಿ. ಕಣ್ಣ ಕಾಣಂಗಿಲ್ಲ, ಎಳಿ ಹರದು ಸೀರಿ ಕೆಟ್ಟುವು. ಆಮ್ಯಾಲ ಮಗ್ಗ ಮುಟ್ಟಬ್ಯಾಡ ಅಂದ್ರು.”

“ಮತ್ತ ಆ ಎರಡು ದನಿ?”

“ಎರಡ ದನಿ ನಮ್ಮತ್ತೀದು, ನಮ್ಮ ಭಾವಂದು,” ಎಂದಳು. “ಪಡಸಾಲ್ಯಾಗ ಕುಂತು ನನ್ನ ಬಗ್ಗೆನ ಮಾತಾಡ್ತಾರ. ಅವರ ಸೋದರಮಾವನ ಮಗಳನ್ನ ನನ್ನ ಗಂಡಗ ಮಾಡಿಕೊಳ್ಳೂದೈತಿ.”

ರೋಷನಬಿ ಬಾಗಿಲ ಬಳಿ ನಿಟ್ಟುಸಿರು ಬಿಟ್ಟಳು. ಅಂದಪ್ಪನಿಗೆ ಬಹಳ ದಿನಗಳ ಮೇಲೆ ಎದೆ ಹಗುರಾಯಿತು. ಒಳಗಿನ ಸದ್ದೂ ಪುಸ್ತಕವೂ ಈಗ ಒಂದೇ ಮಾತು ಹೇಳುತ್ತಿದ್ದವು. ಇದು ದುಃಖ. ದುಃಖಕ್ಕೆ ಕಾಯಿಲೆಯ ಹೆಸರು ಹಚ್ಚಬಾರದೆಂದು ಅಮೆರಿಕದವರೂ ಬರೆದಿದ್ದರು. ಅವನು ಆಕೆಗೆ ಹಾಗೆಯೇ ಹೇಳಿದ: ನಿನಗೆ ಏನೂ ಆಗಿಲ್ಲ ತಂಗಿ, ಹೆದರಬೇಡ, ಆ ಹೊಳಬಸಪ್ಪ ಕೇಳಿದ್ದನ್ನು ನಾನು ಬರೆದು ಕೊಡುವುದಿಲ್ಲ. ಆಕೆಯ ಮುಖದಲ್ಲಿ ಬಿಡುಗಡೆ ಕಾಣುತ್ತದೆಂದು ಕಾದ.

“ಬರದ ಕೊಡ್ರಿ,” ಎಂದಳು ಶಿವಲಿಂಗವ್ವ.

“ಏನು?”

“ಹುಚ್ಚಿ ಅಂತ. ಅವ್ರು ಕೇಳಿದ್ದನ್ನ ಬರದ ಕೊಡ್ರಿ. ಐಹೊಳಿಗೆ ನಮ್ಮವ್ವನ ಕಡೆ ಕಳಸ್ತಾರ. ಬರೀದಿದ್ರ ಕಳಸಂಗಿಲ್ಲ.”

“ಹಂಗ ಬರದ್ರ ಆ ಮಾತು ನಿನಗ ಸಾಯೂತನಕ ಅಂಟಕೋತೈತಿ. ಇನ್ನೊಂದ್ ಮದುವಿ ಆಗೂದಿಲ್ಲ. ಮನ್ಯಾಗ ತಂಗಿ ಗಿಂಗಿ ಇದ್ರ ಅವರಿಗೂ ಗಂಡು ಬರೂದಿಲ್ಲ. ತಿಳೀತೇನು?”

“ತಿಳೀತ್ರಿ. ತಂಗಿ ಅದಾಳ.” ಬಿಚ್ಚಿದ ಎಳೆಯನ್ನು ಮತ್ತೆ ಬೆರಳಿಗೆ ಸುತ್ತಿಕೊಂಡು, “ಆ ಮನ್ಯಾಗ ಇದ್ರ ನಾ ಉಳಿಯೂದಿಲ್ರಿ ಅಣ್ಣಾರ,” ಎಂದಳು.

ಅಂದಪ್ಪ ಮೇಜಿನ ಮೇಲಿನ ಬಿಳಿ ಹಾಳೆಯನ್ನು ನೋಡುತ್ತಾ ಕೂತ. ಕೇಳಲು ಬಂದವರಿಗೂ ಬೇಕು, ಹುಚ್ಚಿ ಎನ್ನಿಸಿಕೊಳ್ಳುವವಳಿಗೂ ಬೇಕು, ಒಂದು ಪದ ಬರೆದು ಸಹಿ ಹಾಕಿದರೆ ಎಲ್ಲರೂ ತಂತಮ್ಮ ದಾರಿಗೆ ಹೋಗುತ್ತಾರೆ. ಹಿಂದೆ ಎಷ್ಟು ಸಲೀಸಾಗಿ ಆ ಪದ ಬರೆದಿದ್ದ, ಬಸ್ಸಿಗೆ ಹೊತ್ತಾಯಿತೆಂದು ನಿಂತುಕೊಂಡೇ ಬರೆದದ್ದೂ ಇತ್ತು. ಇವತ್ತು ಕೈ ಏಳಲಿಲ್ಲ. ಈ ಹಾಳೆ ಕೋರ್ಟಿಗೆ ಹೋಗುತ್ತದೆ. ಯಾರೋ ವಕೀಲ ಎದ್ದು ನಿಂತು, ಎಷ್ಟು ದಿನದಿಂದ ಇತ್ತು ಡಾಕ್ಟರೇ, ನೀವು ಕೇಳಿದಿರಾ, ಎನ್ನುತ್ತಾನೆ. ಹಿಂದಿನ ಸಾಲಿನಲ್ಲಿ ಯಾರೋ ಮೂಗಿನಲ್ಲಿ ನಗುತ್ತಾರೆ. ಸುಳ್ಳು ಬರೆಯುವುದಿಲ್ಲ ಎಂಬುದು ಮೊದಲು ಬಂದ ಯೋಚನೆಯೋ, ಆ ನಗೆ ಮೊದಲು ಬಂದದ್ದೋ ಎಂದು ಅವನಿಗೆ ಆಗಲೂ ತಿಳಿಯಲಿಲ್ಲ, ಆಮೇಲೂ ತಿಳಿಯಲಿಲ್ಲ.

ಅಣ್ಣತಮ್ಮಂದಿರನ್ನು ಒಳಗೆ ಕರೆದ. “ಈಗ ಏನೂ ಬರಿಯಾಕ ಬರೂದಿಲ್ಲ. ಆರು ತಿಂಗಳು ತುಂಬಬೇಕು. ಅಲ್ಲೀತನಕ ಹದಿನೈದು ದಿನಕ್ಕೊಮ್ಮೆ ಕರಕೊಂಡ ಬರ್ರಿ, ನೋಡ್ತೇನಿ. ಸದ್ಯ ತವರಮನಿಗೆ ಕಳಸ್ರಿ, ಮನಸ್ಸು ಹಗುರಾಗ್ಲಿ,” ಎಂದ.

“ಕಾಗದ ಇಲ್ದ ಕಳಸಿದ್ರ ತಿಂಗಳಿಗೆ ತಿರುಗಿ ತಂದು ಬಿಡ್ತಾರ್ರಿ,” ಎಂದ ಹೊಳಬಸಪ್ಪ. “ಇಷ್ಟೊತ್ತು ಕೇಳಿ ಇದನ್ನ ಹೇಳಾಕ ನಿಮಗ ಡಾಕ್ಟರ್ಕಿ ಬೇಕಾತೇನು?” ಬಾಗಿಲಲ್ಲಿ ಕಾಯುತ್ತಿದ್ದವರು ಕತ್ತು ಚಾಚಿ ನೋಡಿದರು. ಅಂದಪ್ಪ ತಲೆತಗ್ಗಿಸಿ ಮಲಗುವಾಗ ನುಂಗುವ ಮಾತ್ರೆಯ ಚೀಟಿ ಬರೆದ. ಶಿವಲಿಂಗವ್ವ ಅದನ್ನು ಮುಟ್ಟಲಿಲ್ಲ, ಈರಪ್ಪ ಮಡಚಿ ಜೇಬಿಗಿಟ್ಟುಕೊಂಡ. ಹೋಗುವಾಗ ಆಕೆ ತಿರುಗಿ ನೋಡಲಿಲ್ಲ. ಅವನು ನೋಡುತ್ತಾಳೆಂದುಕೊಂಡಿದ್ದ.

ಹದಿನೈದು ದಿನ ಬಿಟ್ಟು ಆಕೆ ಬರಲಿಲ್ಲ. ಅದರ ಮುಂದಿನ ವಾರವೂ ಬರಲಿಲ್ಲ. ಬೆಳಗ್ಗೆ ಬಸ್ಸು ಶಿರೂರು ದಾಟಿ ಕಮತಗಿ ಬರುವ ಹೊತ್ತಿಗೇ ಅವನು ಎದ್ದು ಬಾಗಿಲ ಬಳಿ ನಿಲ್ಲುತ್ತಿದ್ದ. ಇಳಿದ ಕೂಡಲೇ ಬೆಂಚಿನ ಮೇಲೆ ಕೂತವರನ್ನೆಲ್ಲ ಕಣ್ಣಾಡಿಸಿ ನೋಡುತ್ತಿದ್ದ. ಊಟ ಸೇರದಾಯಿತು, ಮಾಡುವ ಕೆಲಸದಲ್ಲಿ ಮನಸ್ಸು ನಿಲ್ಲದಾಯಿತು. ಒಂದು ದಿನ ಮುಖಕ್ಷೌರ ಮಾಡಿಕೊಳ್ಳುವಾಗ, ಕನ್ನಡಿಯ ಮುಂದೆ, ತನ್ನ ಈ ಲಕ್ಷಣಗಳನ್ನೇ ಪುಸ್ತಕದ ಸಾಲಿಗೆ ಹೊಂದಿಸಿ ನೋಡುತ್ತಿದ್ದೇನೆಂದು ಅರಿವಾಗಿ ಬ್ಲೇಡು ಕೆಳಗಿಟ್ಟ. ಇಳಕಲ್ಲಿಗೇ ಹೋಗಿ ನೋಡಿಬರಬಹುದಿತ್ತು, ಹುನಗುಂದದಿಂದ ಎಷ್ಟು ಮಹಾ ದೂರ? ಆದರೆ ಡಾಕ್ಟರು ರೋಗಿಯನ್ನು ಹುಡುಕಿಕೊಂಡು ಹೋಗುತ್ತಾನೆಯೇ? ಹೋದರೆ ಯಾವ ಹಕ್ಕಿನಿಂದ ಹೋಗುವುದು, ಹೊಳಬಸಪ್ಪ ಓಣಿಯ ಜನರೆದುರಿಗೆ ಏನಾದರೂ ಅಂದರೆ? ಹೀಗೆ ಕಾರಣಗಳು ಸಿಗುತ್ತಿದ್ದವು, ಗುರುವಾರಗಳು ಕಳೆಯುತ್ತಿದ್ದವು.

ಕೊನೆಗೆ ಸುದ್ದಿ ತಂದದ್ದು ರೋಷನಬಿ. ಆಕೆಯ ಅಕ್ಕನ ಮನೆ ಇಳಕಲ್ಲಿನಲ್ಲಿತ್ತು. “ಆ ಮಗ್ಗದವರ ಹುಡುಗೀನ ತವರಿಗೆ ಕಳಿಸ್ಯಾರಂತ್ರಿ ಸಾಹೇಬ್ರ. ಬ್ಯಾರೆ ಊರಾಗ ಬ್ಯಾರೆ ಡಾಕ್ಟರ್ ಕಡೆ ಬರಸಿಕೊಂಡ್ರಂತ,” ಎಂದಳು, ಕಸಬರಿಗೆ ಕೈಯಲ್ಲಿ ಹಿಡಿದೇ. “ಅದಕ್ಕೂ ಮೊದಲ ಯಾವನೋ ದೆವ್ವ ಗಾಳಿ ಬಿಡಸವನ ಕಡೆ ಒಯ್ದಿದ್ರಂತ. ಭಾಳ ತ್ರಾಸ ಕೊಟ್ಟಾರ.” ಆ ದಿನ ಅವನು ಕಾಯುತ್ತಿದ್ದವರನ್ನು ಬೇಗ ಬೇಗ ನೋಡಿ ಮುಗಿಸಿದ. ಯಾರನ್ನು ಏನು ಕೇಳಿದೆ, ಏನು ಬಿಟ್ಟೆ ಎಂಬುದು ನೆನಪಿರಲಿಲ್ಲ. ಮಧ್ಯಾಹ್ನದ ಬಸ್ಸು ಹಿಡಿದು ಐಹೊಳೆಗೆ ಹೋದ.

ಮನೆ ಸಿಗುವುದು ಕಷ್ಟವಾಗಲಿಲ್ಲ. “ಹುಚ್ಚ ಹಿಡದು ಬಂದಾಳಲ್ರಿ, ಅವರ ಮನಿ ಹೌದಿಲ್ಲೋ?” ಎಂದು ದಾರಿಯಲ್ಲಿ ಕುರಿ ಕಾಯುತ್ತಿದ್ದ ಮುದುಕನೊಬ್ಬ ಕೈ ತೋರಿಸಿದ. ಹಳೆಯ ಗುಡಿಯೊಂದರ ಹಿಂಗೋಡೆಗೆ ಆನಿಸಿ ಕಟ್ಟಿದ ಮನೆ. ಗುಡಿಯ ಕಂಬಕ್ಕೆ ಎಮ್ಮೆ ಕಟ್ಟಿತ್ತು. ಶಿವಲಿಂಗವ್ವನ ತಾಯಿ ಚಂದವ್ವ ಅಂಗಳದಲ್ಲಿ ಕಡಲೆ ಹಸನು ಮಾಡುತ್ತಿದ್ದಳು. ಹುನಗುಂದದ ಡಾಕ್ಟರು ಎಂದ ಕೂಡಲೇ ಮೊರ ಕೆಳಗಿಟ್ಟು ಗಾಬರಿಯಿಂದ ಎದ್ದು ಕಂಬಳಿ ಹಾಸಿದಳು. ಒಳಗಿನಿಂದ ಶಿವಲಿಂಗವ್ವ ಬಂದು ಬಾಗಿಲಿಗೆ ಒರಗಿ ನಿಂತಳು. ಸ್ವಲ್ಪ ಮೈತುಂಬಿಕೊಂಡಿದ್ದಳು, ತಲೆಗೆ ಎಣ್ಣೆ ಹಚ್ಚಿ ಬಾಚಿತ್ತು. ಎಡಗೈಯ ಮಣಿಕಟ್ಟಿನಿಂದ ಮೇಲೆ, ಬಳೆಗಳು ಸರಿದಾಗ, ಕಾಯಿಸಿದ ಕಬ್ಬಿಣದಿಂದ ಎಳೆದ ಬರೆಗಳು ಕಂಡವು. ಇನ್ನೂ ಪೂರ್ತಿ ಮಾಯ್ದಿರಲಿಲ್ಲ. ಅವನು ನೋಡುತ್ತಿರುವುದನ್ನು ಕಂಡೂ ಆಕೆ ಕೈ ಮುಚ್ಚಿಕೊಳ್ಳಲಿಲ್ಲ.

“ನಿಮ್ಮಲ್ಲಿಂದ ಹೋದ ಮ್ಯಾಲ ಗಾಳಿ ಬಿಡಸವ ಎಳದ ಬರಿ ಇವು,” ಎಂದಳು.

ಆಕೆಯೇ ಮುಂದುವರಿಸಿದಳು, ದೂರುವ ದನಿಯಲ್ಲಲ್ಲ, ನಡೆದದ್ದನ್ನು ನೆರೆಮನೆಯವರಿಗೆ ಹೇಳುವ ಹಾಗೆ. “ಆ ಇನ್ನೊಬ್ಬ ಡಾಕ್ಟರ್ ಏನೂ ಕೇಳಲಿಲ್ರಿ. ನನ್ನ ಮಾರಿನೂ ನೋಡಲಿಲ್ಲ. ನಮ್ಮ ಭಾವನ ಜೋಡಿ ಚಹಾ ಕುಡದು ಬರದ ಕೊಟ್ಟ. ಮರುದಿನ ನಾ ಇಲ್ಲಿದ್ನಿ. ನೀವು ಎಲ್ಲಾ ಕೇಳಿದ್ರಿ. ಕೂಸಿಂದೂ ಕೇಳಿದ್ರಿ. ಕೇಳಿ ಅಲ್ಲೇ ಹೊಳ್ಳಿ ಕಳಿಸಿದ್ರಿ.”

“ಏ, ಹಂಗನಬಾರದ ಯವ್ವಾ, ದೊಡ್ಡವ್ರು,” ಎಂದಳು ಚಂದವ್ವ. ಆಮೇಲೆ ಅವನ ಕಡೆ ತಿರುಗಿ, “ಸಣ್ಣಾಕಿಗೆ ಬಾದಾಮಿ ಕಡಿಂದ ಗಂಡು ಗೊತ್ತಾಗಿತ್ರಿ. ಈ ಸುದ್ದಿ ಕೇಳಿ ಬ್ಯಾಡಂದ್ರು,” ಎಂದಳು. ಅವನು ಆವತ್ತು ಹೇಳಿದ್ದ ಮಾತು ಹಾಗೇ ನಿಜವಾಗಿತ್ತು. ಕೋಣೆಯೊಳಗೆ ಯಾರೋ, ಆ ಸಣ್ಣಾಕೆಯೇ ಇರಬೇಕು, ಪಾತ್ರೆಯನ್ನು ಬೇಕೆಂದೇ ಸದ್ದು ಮಾಡಿ ಇಟ್ಟಳು. ತಾನು ಸರಿ ಹೇಳಿದ್ದೆ, ಆದರೂ ಈಕೆಯ ಕೈ ಸುಟ್ಟಿತು. ಆ ಇನ್ನೊಬ್ಬ ಡಾಕ್ಟರು ತಪ್ಪು ಬರೆದ, ಈಕೆ ಉಳಿದಳು, ತಂಗಿ ಸಿಕ್ಕಿಹಾಕಿಕೊಂಡಳು. ಇದನ್ನು ಯಾವ ಸಭೆಯಲ್ಲಿ ಯಾರ ಮುಂದೆ ಇಟ್ಟು ಕೇಳುವುದು? ತಪ್ಪಾಯಿತು ಎಂದು ಹೇಳಲು ಅವನು ಬಾಯಿ ತೆರೆದ. ಯಾವುದು ತಪ್ಪಾಯಿತು ಎಂದು ಆಕೆ ಕೇಳಿದರೆ ಹೇಳಲು ಬರುವುದಿಲ್ಲವೆಂದು ಹೊಳೆದು, “ಕೈಗೆ ಮುಲಾಮು ಬರದ ಕೊಡ್ತೇನಿ,” ಎಂದ.

ಶಿವಲಿಂಗವ್ವ ಒಳಗೆ ಹೋಗಿ ಹಿತ್ತಾಳೆಯ ಚರಿಗೆ, ಲೋಟ ತಂದು ಅವನ ಮುಂದಿಟ್ಟಳು. ಮಜ್ಜಿಗೆ. “ಈಕಿ ಕೈಲಿ ಓಣ್ಯಾಗ ಯಾರೂ ಏನೂ ತಗೊಳ್ಳಂಗಿಲ್ರಿ ಈಗ,” ಎಂದಳು ಚಂದವ್ವ, ಬೇಡವೆಂದರೂ ಬೇಸರವಿಲ್ಲ ಎನ್ನುವ ಹಾಗೆ. ಅಂದಪ್ಪ ಲೋಟ ಎತ್ತಿ ಕುಡಿದ. ಬಾಯಿಗಿಟ್ಟ ಕೂಡಲೇ ಗಂಟಲು ಹಿಡಿಯಿತು. ಉಪ್ಪೋ ಉಪ್ಪು, ಹಿಡಿಗಟ್ಟಲೆ ಹಾಕಿದ ಹಾಗೆ. ಅವನ ಕಣ್ಣಲ್ಲಿ ನೀರು ಬಂದದ್ದನ್ನು ನೋಡಿ ಶಿವಲಿಂಗವ್ವ ನಕ್ಕಳು. ಎಳೆಯ ಹುಡುಗಿಯ ನಗೆ, ಅಷ್ಟು ತಿಳಿಯಾಗಿ ನಕ್ಕದ್ದು ಕಂಡು ಅವನಿಗೂ ನಗು ಬಂತು. ಅವನ ನಗು ನಿಂತಿತು. ಆಕೆಯದು ನಿಲ್ಲಲಿಲ್ಲ. ಬಾಗಿಲ ಚೌಕಟ್ಟಿಗೆ ತಲೆ ಆನಿಸಿ, ಅವನನ್ನು ದಾಟಿ, ಎಮ್ಮೆ ಕಟ್ಟಿದ ಕಂಬದಾಚೆ ಎಲ್ಲಿಗೋ ನೋಡುತ್ತಾ ನಗುತ್ತಲೇ ಇದ್ದಳು. ಅವನೊಳಗೆ ಆ ಹಳೆಯ ಸದ್ದು ಎದ್ದಿತು, ಈ ಸಲ ಹೌದೆನ್ನುತ್ತಾ. ಪಕ್ಕಕ್ಕೆ ನೋಡಿದ. ಚಂದವ್ವ ಮಗಳನ್ನು ನೋಡುತ್ತಿರಲಿಲ್ಲ. ಮೊರವನ್ನು ಎದೆಗೆ ಹಿಡಿದುಕೊಂಡು, ರೆಪ್ಪೆ ಬಡಿಯದೆ, ತೀರ್ಪು ಕಾಯುವವಳ ಹಾಗೆ ಅವನ ಮುಖವನ್ನು ನೋಡುತ್ತಿದ್ದಳು.

ಅಂದಪ್ಪ ಮುಖ ಅಲುಗದ ಹಾಗೆ ಬಿಗಿಹಿಡಿದು ಲೋಟವನ್ನು ಮತ್ತೆ ಬಾಯಿಗಿಟ್ಟ. “ಚೊಲೋ ಆಗೇತ್ರಿ,” ಎಂದ, ಮತ್ತು ಮಿಕ್ಕದ್ದನ್ನೂ ಕುಡಿದ.